ಸಪ್ಪೆ ಹನಿ

ಹೆಣದ ಪೆಟ್ಟಿಗೆಯಲ್ಲಿದ್ದ ಗಂಡನ ಎಡಗೈಗೆ ತೊಡಿಸಿದ್ದ ಬಿಳಿ ಕೈಗವಸನ್ನು ಅಂಗಿಯ ತೋಳಿಗೆ ಸೇರಿಸಿ ಹೊಲಿದಿದ್ದರು, ಬಲಗೈಯದನ್ನೂ ಹಾಗೆಯೇ. ಎಡಗೈಯ ದಾರವನ್ನು ಅವಳು ಸಣ್ಣ ಕತ್ತರಿಯಿಂದ ಒಂದೊಂದೇ ಹೊಲಿಗೆಯಾಗಿ ಕತ್ತರಿಸುತ್ತಿದ್ದಳು. ಉದ್ದುದ್ದ ಹೊಲಿಗೆ, ಒಂದು ಮೇಲೆ, ಒಂದು ಕೆಳಗೆ. ಹೊಲಿಯಲು ಬಾರದವರು, ಅದೂ ಅವಸರದಲ್ಲಿ ಹಾಕಿದ್ದು. ಮೂವತ್ತು ವರ್ಷ ಊರವರ ಬಟ್ಟೆಗಳನ್ನು ಬಿಗಿ ಮಾಡಿ, ಸಡಿಲ ಮಾಡಿ ಬದುಕಿದವಳಿಗೆ ಅಷ್ಟು ಗೊತ್ತಾಗದೆ ಇರಲಿಲ್ಲ.

"ಬಿಡಿ ಅತ್ತಿಗೆ," ಎಂದಳು ನಾದಿನಿ, ಪೆಟ್ಟಿಗೆಯ ಆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವಳು. "ಚೆನ್ನಾಗೇ ಕಾಣ್ತಿದೆ. ಅಣ್ಣನ ಕೈ ಇಷ್ಟು ಬೆಳ್ಳಗಿದ್ದಿದ್ದು ನಾನು ನೋಡೇ ಇಲ್ಲ."

"ನಿಮ್ಮಣ್ಣ ಗ್ಲೌಸ್ ಹಾಕ್ಕೊಂಡಿದ್ದು ಯಾವತ್ತಾದ್ರೂ ನೋಡಿದ್ದೀಯಾ?"

"ಇಲ್ಲ."

"ಮತ್ತೆ ಇದು ಯಾರ ಕೈ?"

ನಾದಿನಿ ಮೂಗೊರೆಸುವುದನ್ನು ನಿಲ್ಲಿಸಿ ಕರವಸ್ತ್ರ ಮಡಚಿದಳು. "ಲಾರಿ ತೊಳೆಯೋ ಯಾರ್ಡಿನ ಮಾಲೀಕರು ಗೌರವಕ್ಕೆ ಅಂತ ಹಾಕಿಸಿದಾರಂತೆ. ಆಸ್ಪತ್ರೇಲಿ ಪೆಟ್ಟಿಗೆಗೆ ಇಡೋವಾಗ ಅವರೇ ಮುಂದೆ ನಿಂತಿದ್ರಂತೆ, ಪಾಪ."

"ಗೌರವ ಆಗಿದ್ರೆ ತೊಡಿಸ್ತಾರೆ. ಹೊಲಿಯೋದು ಯಾಕೆ?"

ನಾದಿನಿ ಕರವಸ್ತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಾತು ಬದಲಿಸಿದಳು. "ನಿಮ್ಮ ಮಗಳ ಬುದ್ಧಿಗೆ ಏನು ಹೇಳೋಣ ಹೇಳಿ. ಅಪ್ಪ ಇಲ್ಲಿ ಮಲಗಿದಾನೆ, ಅವಳು ಅಲ್ಲಿ ಲಾರಿ ತೊಳೀತಿದಾಳೆ."

ಮಗಳು ಹೋಗಿದ್ದು ಬೆಳಿಗ್ಗೆ ಆರಕ್ಕೆ. ಮಾಲೀಕರ ಫೋನು ಬಂದಿತ್ತು. ಮೊನ್ನೆ ಮಧ್ಯಾಹ್ನ ಅವಳಪ್ಪ ಕುಸಿದುಬಿದ್ದಾಗ ತೊಳೆಯುತ್ತಿದ್ದ ಟ್ರೇಲರ್ ಹಾಗೇ ನಿಂತಿದೆ, ಹತ್ತು ಗಂಟೆಗೆ ಅದು ಹೊರಡಲೇಬೇಕು ಎಂದಿದ್ದರು. ಬಯ್ದು ಫೋನಿಡಬಹುದಿತ್ತು. ಆದರೆ ಅದರ ಎಡಬದಿ ಮುಗಿದಿತ್ತು, ಬಲಬದಿ ಮುಗಿದಿರಲಿಲ್ಲ. "ಅಪ್ಪನ ಕೊನೇ ಗಾಡಿ ಅರ್ಧಂಬರ್ಧ ರಸ್ತೆಗೆ ಹೋಗೋದು ಬೇಡಮ್ಮ. ಹನ್ನೊಂದಕ್ಕೆ ಮುಂಚೆ ಬಂದ್ಬಿಡ್ತೀನಿ," ಎಂದು ಹೋದಳು. ತಾಯಿಗೂ ಆಗ ಅದು ಸರಿಯೆನಿಸಿತ್ತು.

ಕೊನೆಯ ಹೊಲಿಗೆಯೂ ಬಿಚ್ಚಿಕೊಂಡಿತು.

*

ಪಾಲಿಶ್ ಮಾಡಿದ ಅಲ್ಯೂಮಿನಿಯಂ ಟ್ರೇಲರನ್ನು ಯಾರು ಬೇಕಾದರೂ ತೊಳೆಯಬಹುದು. ಒದ್ದೆಯಿರುವಾಗ ಎಲ್ಲವೂ ಹೊಳೆಯುತ್ತವೆ. ಒಣಗಿದ ಮೇಲೆ ನೋಡಬೇಕು. ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ ಬೂದುಬಣ್ಣದ ಪೊರೆಯೊಂದು ಉಳಿದಿರುತ್ತದೆ. ಆ ಪೊರೆ ಬಾರದಂತೆ ತೊಳೆಯುತ್ತಿದ್ದವನು ಆ ಹೆದ್ದಾರಿಯಲ್ಲಿ ಅವಳ ಗಂಡನೊಬ್ಬನೇ. ಡ್ರೈವರುಗಳು ಅವನನ್ನು ಕನ್ನಡಿಯಣ್ಣ ಎಂದು ಕರೆಯುತ್ತಿದ್ದರು. ಅವನು ತೊಳೆದ ಗಾಡಿಯಲ್ಲಿ ಮುಖ ನೋಡಿಕೊಂಡು ಗಡ್ಡ ಕೆರೆದುಕೊಳ್ಳುತ್ತಿದ್ದವರೂ ಇದ್ದರು.

ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳು ಬುತ್ತಿ ತೆಗೆದುಕೊಂಡು ಹೋಗಿದ್ದಳು. ಅವನು ಗಾಡಿಯನ್ನು ನೆರಳಿಗೆ ತಂದು ನಿಲ್ಲಿಸಿ, ಲೋಹ ತಣ್ಣಗಾಗಲೆಂದು ಸುಮ್ಮನೆ ಕಾಯುತ್ತಿದ್ದ. ಬಿಸಿ ತಗಡಿನ ಮೇಲೆ ಸೋಪು ಒಣಗಿದರೆ ಕೆಲಸ ಕೆಟ್ಟಿತು. ಆಮೇಲೆ ಸೋಪುನೀರನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿದ, ಮೆತ್ತಗಿನ ಬ್ರಷ್ಷಿನಿಂದ ಉಜ್ಜಿದ, ಶುದ್ಧ ನೀರನ್ನು ಮೇಲಿನಿಂದ ಕೆಳಕ್ಕೆ ಬಿಟ್ಟ. ಎಲ್ಲ ಮುಗಿದ ಮೇಲೆ ಬರಿಯ ಅಂಗೈಯಿಂದ ಆ ತುದಿಯಿಂದ ಈ ತುದಿಯವರೆಗೆ ಸವರಿಕೊಂಡು ಬಂದ. ಕೊನೆಗೆ ಕೆಳಗಿನ ಪಟ್ಟಿಯ ಅಂಚಿನಲ್ಲಿ ತೂಗುತ್ತಿದ್ದ ಒಂದು ಹನಿಯನ್ನು ತೋರುಬೆರಳಿಗೆ ಇಳಿಸಿಕೊಂಡು ನಾಲಿಗೆಗೆ ಮುಟ್ಟಿಸಿದ.

"ಥೂ, ಇದೇನ್ರೀ," ಎಂದಿದ್ದಳು ಅವಳು.

"ಕಹಿಯಿದ್ರೆ ಸೋಪು ಉಳಿದಿದೆ ಅಂತ. ಸಪ್ಪೆಯಿದ್ರೆ ಮುಗೀತು."

"ಮುಗೀತಾ?"

"ಮುಗೀತು. ನಿನ್ನ ಅಡುಗೆ ಥರಾನೇ ಇದೆ."

ಆ ಬುತ್ತಿಯನ್ನು ಅವಳು ಅರ್ಧ ದಾರಿ ವಾಪಸು ಹೊತ್ತೊಯ್ದಿದ್ದಳು. ಅವನು ಒದ್ದೆ ಕಾಲಿನಲ್ಲೇ ಹಿಂದೆ ಓಡಿಬಂದಿದ್ದ.

ಮುಂದೆ ಮಗಳೂ ಅದೇ ಯಾರ್ಡಿಗೆ ಸೇರಿದಳು. ಅಪ್ಪ ಎಡಬದಿ, ಮಗಳು ಬಲಬದಿ. ಗ್ಲೌಸ್ ಹಾಕಿದ ಕೈಗೆ ಪೊರೆ ಗೊತ್ತಾಗೋದಿಲ್ಲ ಎಂಬುದೇ ಅವನು ಅವಳಿಗೆ ಕಲಿಸಿದ ಮೊದಲ ಪಾಠ. ಹನಿಯ ಪರೀಕ್ಷೆ ಎರಡನೆಯದು.

*

ಕೈಗವಸು ಸಲೀಸಾಗಿ ಬರಲಿಲ್ಲ. ಬೆರಳಿಗೊಂದರಂತೆ ಎಳೆದು ತೆಗೆಯಬೇಕಾಯಿತು.

ಬೆರಳ ತುದಿಗಳು ಬೇಯಿಸಿದಂತೆ ಬೆಳ್ಳಗಿದ್ದವು. ಉಗುರುಗಳ ಕೆಳಗೆ ಸೀಸದ ಬಣ್ಣ. ತೋರುಬೆರಳಿನ ತುದಿಯ ಮಾಂಸ ಒಳಕ್ಕೆ ಕುಸಿದು ಗಟ್ಟಿಯಾಗಿತ್ತು. ನಾದಿನಿ ಬಗ್ಗಿ ನೋಡಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು.

"ನೀರಲ್ಲೇ ಇರ್ತಿದ್ದನಲ್ಲ," ಎಂದಳು ಮೆಲ್ಲಗೆ.

"ಮೂವತ್ತು ವರ್ಷದಿಂದ ನೀರಲ್ಲೇ ಇದ್ರು."

ಬಾಗಿಲಲ್ಲಿ ಹಾಲಿನ ಟ್ಯಾಂಕರಿನ ಡ್ರೈವರ್ ನಿಂತಿದ್ದ. ಗಂಡನಿಗೆ ಇಪ್ಪತ್ತು ವರ್ಷಗಳಿಂದ ಗೆಳೆಯ. ಇವತ್ತು ಹೆಣದ ವ್ಯಾನನ್ನು ಬೇರೆಯವರ ಕೈಗೆ ಕೊಡುವುದಿಲ್ಲ ಎಂದು ತಾನೇ ಓಡಿಸಲು ಬಂದಿದ್ದವನು. ಅವನು ಒಳಗೆ ಬಂದು ಆ ಕೈಯನ್ನು ಬಹಳ ಹೊತ್ತು ನೋಡಿದ.

"ಅಕ್ಕ, ಆ ನೀಲಿ ಡ್ರಮ್ಮಿನ ವಿಷಯ ಕನ್ನಡಿಯಣ್ಣ ಹೇಳಿದ್ರಾ?"

"ಯಾವ ಡ್ರಮ್ಮು?"

"ಮೂರು ತಿಂಗಳಾಯ್ತು ಬಂದು. ಚೀಟಿ ಕಿತ್ತಿರೋ ಡ್ರಮ್ಮು. ಒಳಗೆ ಯಾವುದೋ ಆಸಿಡ್ಡು. ಬ್ರಷ್ಷೇ ಬೇಡ, ಚಿಮುಕಿಸಿದ್ರೆ ಸಾಕು, ಕೊಳೆ ತಾನಾಗೇ ಇಳಿಯುತ್ತೆ. ಒಂದು ಗಾಡಿ ತೊಳೆಯೋ ಹೊತ್ತಿಗೆ ನಾಲ್ಕು ಗಾಡಿ ಮುಗಿಯುತ್ತೆ ಅಂತ ಮಾಲೀಕರು ತರಿಸಿದ್ದು. ಸ್ವಲ್ಪ ಜಾಸ್ತಿ ಹೊತ್ತು ಬಿಟ್ರೆ ಅಲ್ಯೂಮಿನಿಯಮ್ಮೇ ಸುಣ್ಣದ ಥರ ಬೆಳ್ಳಗಾಗುತ್ತೆ. ಲೋಹಾನೇ ತಿನ್ನುತ್ತಲ್ಲೋ ಇದು ಅಂತ ಅಣ್ಣ ನನ್ನ ಹತ್ರ ಅಂದಿದ್ರು. ಹನಿ ಮುಟ್ಟಿಸಿದ್ರೆ ಹಲ್ಲೆಲ್ಲ ಜುಮ್ಮನ್ನುತ್ತೆ ಅಂತಾನೂ ಅಂದಿದ್ರು."

"ಆದ್ರೂ ಮುಟ್ಟಿಸ್ತಿದ್ರಾ?"

"ಮುಟ್ಟಿಸದೆ ಗಾಡಿ ಬಿಡ್ತಿದ್ರಾ ಅವರು?"

ಅವಳು ಎದ್ದು ಮಗಳಿಗೆ ಫೋನು ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ನೀರಿನ ಕೆಲಸ, ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿರುತ್ತಾಳೆ. ಇನ್ನೊಮ್ಮೆ ಮಾಡಿದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಹತ್ತು.

ಮೂರನೆಯ ಸಲ ಒತ್ತುವಷ್ಟರಲ್ಲಿ ಯಾರ್ಡಿನ ಮಾಲೀಕರು ಬಂದರು. ದೊಡ್ಡ ಹೂವಿನ ಚಕ್ರ, ಇಸ್ತ್ರಿ ಮಾಡಿದ ಕಪ್ಪು ಅಂಗಿ. ಪೆಟ್ಟಿಗೆಯ ಹತ್ತಿರ ಬಂದವರು ಬರಿಗೈಯನ್ನು ಕಂಡು ಎರಡು ಹೆಜ್ಜೆ ದೂರದಲ್ಲೇ ನಿಂತರು. ಹೂವನ್ನು ನಾದಿನಿಯ ಕೈಗೆ ಕೊಟ್ಟರು.

"ಯಾಕಮ್ಮ ತೆಗೆದ್ರಿ? ಮುಚ್ಚಿಬಿಡಿ. ನೋಡೋರಿಗೆ ಸಂಕಟ ಆಗುತ್ತೆ."

"ಏನಾಗಿತ್ತು ಸರ್ ಇವರಿಗೆ?"

"ಹೃದಯ. ಆಸ್ಪತ್ರೆಯೋರು ಬರೆದು ಕೊಟ್ಟಿದಾರಲ್ಲ."

"ಬೆರಳಿನ ವಿಷಯ ಬರೆದಿದಾರಾ?"

ಮಾಲೀಕರು ಬಾಗಿಲಿನ ಕಡೆ ನೋಡಿದರು. "ಇನ್ನೊಂದು ಕೈದು ತೆಗೀಬೇಡಿ," ಎಂದರು, ಬೇರೆ ಯಾರೊಂದಿಗೋ ಮಾತಾಡುವ ದನಿಯಲ್ಲಿ.

"ನನ್ನ ಮಗಳು ಈಗ ಅದೇ ಡ್ರಮ್ಮಲ್ಲಿ ತೊಳೀತಿದಾಳಾ?"

"ಗ್ಲೌಸ್ ಕೊಟ್ಟಿದ್ದೀನಮ್ಮ. ಅಪ್ಪನಿಗೂ ಕೊಟ್ಟಿದ್ದೆ. ಹಾಕ್ಕೊಳ್ಳದಿದ್ರೆ ನಾನೇನು ಮಾಡಲಿ?"

"ಫೋನ್ ಮಾಡಿ ಅವಳನ್ನ ನಿಲ್ಲಿಸಿ."

"ಮಾಡ್ತೀನಿ, ಮಾಡ್ತೀನಿ," ಎನ್ನುತ್ತ ಅವರು ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ನಡೆದರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಏನೋ ಹೇಳುತ್ತಿದ್ದರು, ಕೈಯಿಂದ ಏನನ್ನೋ ಎತ್ತಿ ಆಚೆ ಇಡುವಂತೆ ತೋರಿಸುತ್ತಿದ್ದರು. ಆಮೇಲೆ ಒಳಗೆ ಬರದೆ ಕಾರು ಹತ್ತಿ ಹೊರಟುಹೋದರು.

"ಪೆಟ್ಟಿಗೆ ಮುಚ್ಚು," ಎಂದಳು ಅವಳು ಡ್ರೈವರಿಗೆ. "ಈಗಲೇ ಹೊರಡೋಣ. ಯಾರ್ಡಿನ ದಾರೀಲಿ ಹೋಗು."

"ಸುತ್ತಾಗುತ್ತೆ ಅತ್ತಿಗೆ," ಎಂದಳು ನಾದಿನಿ.

"ಆಗ್ಲಿ."

*

ಎರಡು ವಾರದ ಹಿಂದೆ, ಕೆಲಸಕ್ಕೆ ಹೊರಟು ನಿಂತವನ ತೋಳಿನ ಗುಂಡಿ ಕಿತ್ತುಬಂದಿತ್ತು. ಅಂಗಿ ಬಿಚ್ಚುವಷ್ಟು ಪುರುಸೊತ್ತಿಲ್ಲ ಎಂದ. ಕಾಲರಿನ ಒಳಗೆ ದಾರ ಪೋಣಿಸಿದ ಸೂಜಿಯೊಂದನ್ನು ಸದಾ ಸಿಕ್ಕಿಸಿಕೊಂಡಿರುವುದು ಅವಳ ಅಭ್ಯಾಸ. ಅದನ್ನು ತೆಗೆದು, ಮೈಮೇಲಿದ್ದಂತೆಯೇ ಗುಂಡಿ ಹೊಲಿಯತೊಡಗಿದಳು. ಅವನು ಇನ್ನೊಂದು ಕೈಯಲ್ಲಿ ಬಟ್ಟೆಯನ್ನು ಹಿಡಿದುಕೊಂಡು, ಮಗಳು ಈಗ ತನಗಿಂತ ಬೇಗ ತೊಳೆಯುತ್ತಾಳೆ ಎಂದು ಹೇಳುತ್ತಿದ್ದ.

ಸೂಜಿ ಬಟ್ಟೆ ದಾಟಿ ಅವನ ಬೆರಳಿಗೆ ಹೊಕ್ಕಿತು. ಅವಳಿಗೇ ಕೈಯಲ್ಲಿ ಗೊತ್ತಾಯಿತು; ಬಟ್ಟೆಯ ತಡೆಯೇ ಬೇರೆ, ಮಾಂಸದ ತಡೆಯೇ ಬೇರೆ. ಅವನು ಮಾತು ನಿಲ್ಲಿಸಲಿಲ್ಲ.

"ಚುಚ್ಚಲಿಲ್ವಾ?"

"ಏನು?"

ಅವಳು ಸೂಜಿ ಹೊರಗೆಳೆದಳು. ಬೆರಳ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಎದ್ದಿತು. ಅವನು ಅದನ್ನು ಬೇರೆಯವರ ಬೆರಳಿನಂತೆ ನೋಡಿದ.

"ನೋವೇ ಇಲ್ಲ ಕಣೆ. ಸ್ವಲ್ಪ ಮರಗಟ್ಟಿದ ಹಾಗಿದೆ ಅಷ್ಟೇ. ಇಷ್ಟು ವರ್ಷ ದುಡಿದ ಮೇಲೆ ಚರ್ಮ ದಪ್ಪ ಆಗಲ್ವಾ?"

ಅವಳು ದಾರ ಕಡಿದು, ಸೂಜಿಯನ್ನು ಮತ್ತೆ ಕಾಲರಿಗೆ ಸಿಕ್ಕಿಸಿಕೊಂಡಿದ್ದಳು. ಆಗ ಕೇಳಬೇಕಿತ್ತು. ಅವಳೂ ಅವಸರದಲ್ಲಿದ್ದಳು. ಯಾರದ್ದೋ ಹನ್ನೆರಡು ಸಮವಸ್ತ್ರಗಳು ಅವತ್ತೇ ಮುಗಿಯಬೇಕಿದ್ದವು.

*

ವ್ಯಾನು ಯಾರ್ಡಿನ ಗೇಟಿನೊಳಗೆ ನಿಂತಾಗ ಟ್ರೇಲರ್ ಚಪ್ಪರದ ನೆರಳಿನಲ್ಲಿತ್ತು. ಅದರ ಬಲಬದಿಯಲ್ಲಿ ವ್ಯಾನು ತನ್ನನ್ನು ತಾನೇ ಎದುರುಗೊಂಡಂತೆ ಕಂಡಿತು. ಗೆರೆಯಿಲ್ಲ, ಮಸುಕಿಲ್ಲ. ನೆಲದ ನೀರು ಇನ್ನೂ ಚರಂಡಿಯ ಕಡೆಗೆ ಹರಿಯುತ್ತಿತ್ತು. ನೀಲಿ ಡ್ರಮ್ಮು ಎಲ್ಲೂ ಇರಲಿಲ್ಲ. ಗೋಡೆಯ ಪಕ್ಕದಲ್ಲಿ, ಸಿಮೆಂಟು ಕೊರೆದುಹೋಗಿದ್ದ ಒಂದು ದುಂಡನೆಯ ಗುರುತು ಮಾತ್ರ ಇತ್ತು.

"ಮಾಲೀಕರ ಕಡೆಯೋರು ಈಗ ತಾನೆ ಬಂದು ಡ್ರಮ್ ಎತ್ಕೊಂಡು ಹೋದ್ರು," ಎಂದಳು ಮಗಳು. ಅಂಗಿಯ ತೋಳು ಮಡಚಿದ್ದಳು, ಕೈಗಳು ಒದ್ದೆಯಾಗಿದ್ದವು. "ನೀವೇ ಬಂದ್ಬಿಟ್ರಾ? ನಾನು ಹೊರಡ್ತಾ ಇದ್ದೆ ಅಮ್ಮ."

"ಹನಿ ಮುಟ್ಟಿಸಿದ್ಯಾ?"

"ಮುಟ್ಟಿಸದೆ?" ಮಗಳು ಸ್ವಲ್ಪ ನಕ್ಕಳು. ಅಳು ಬರುವ ಮುಂಚಿನ ನಗು ಅದು. "ಸಪ್ಪೆ. ಪೂರ್ತಿ ಸಪ್ಪೆ."

ತಾಯಿ ಹತ್ತಿರ ಹೋಗಿ ಅವಳ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಬೆರಳ ತುದಿಗಳು ಬೆಳ್ಳಗಿದ್ದವು. ಬರೀ ನೀರಿನಲ್ಲಿ ನೆನೆದಿರಬಹುದು. ಯಾರ ಕೈಯಾದರೂ ಮೂರು ಗಂಟೆ ನೀರಿನಲ್ಲಿದ್ದರೆ ಹಾಗಾಗುತ್ತದೆ. ಅವಳು ತನ್ನ ಇನ್ನೊಂದು ಕೈಯನ್ನು ಕಾಲರಿನ ಒಳಗೆ ಹಾಕಿದಳು.

ಮಗಳು ಇದನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಟ್ರೇಲರಿನ ಮೇಲಿತ್ತು. ಅಲ್ಲಿ ವ್ಯಾನಿನ ಹಿಂಬಾಗಿಲು ತೆರೆದಿತ್ತು, ಒಳಗೆ ಅಪ್ಪನ ಪೆಟ್ಟಿಗೆ ಕಾಣುತ್ತಿತ್ತು, ಅದರ ಮೇಲೆ ಮಾಲೀಕರ ಹೂವು.

"ಎಡಬದಿ ಅಪ್ಪಂದು, ಬಲಬದಿ ನಂದು. ಏನಾದ್ರೂ ವ್ಯತ್ಯಾಸ ಗೊತ್ತಾಗುತ್ತಾ ಹೇಳಮ್ಮ," ಎಂದಳು. "ಅಪ್ಪ ಇದ್ದಿದ್ರೆ ಒಂದಾದ್ರೂ ತಪ್ಪು ಹುಡುಕ್ತಿದ್ರು."

ತಾಯಿ ಅವಳ ತೋರುಬೆರಳನ್ನು ಬೇರೆ ಮಾಡಿ ಹಿಡಿದಳು.

"ಕೈ ಯಾಕೆ ಹಿಡ್ಕೊಂಡೇ ಇದ್ದೀಯಾ? ಬಿಡು, ಹೊತ್ತಾಯ್ತು."

ಪೊರೆಯಿಲ್ಲದ ಆ ಲೋಹದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು: ತಾಯಿಯ ಬಗ್ಗಿದ ತಲೆ, ಅವಳ ಕೈಯಲ್ಲಿದ್ದ ಸೂಜಿ, ಮಗಳ ತೋರುಬೆರಳಿನ ತುದಿಯಲ್ಲಿ ಮೆಲ್ಲಗೆ ದೊಡ್ಡದಾಗುತ್ತಿದ್ದ ಕೆಂಪು ಹನಿ, ಮತ್ತು ಉತ್ತರಕ್ಕಾಗಿ ಕಾಯುತ್ತಿದ್ದ, ಒಂದಿಷ್ಟೂ ಕದಲದ ಮಗಳ ಮುಖ.