ನಕ್ಷೆಯಲ್ಲಿಲ್ಲದ ಬಾವಿ

“ಇಲ್ಲಿ ಬಾವಿ ಇಲ್ಲ,” ಎಂದರು ಓವರ್ಸಿಯರ್, ಬಾವಿಕಟ್ಟೆಯ ಮೇಲೆ ಕುಳಿತು, ತೊಡೆಯ ಮೇಲೆ ನಕ್ಷೆ ಹರಡಿಕೊಂಡು.

ಶಾನುಭೋಗ ಗೋವಿಂದಯ್ಯ ಬಗ್ಗಿ ನೋಡಿದ. ನಿಜ, ಇರಲಿಲ್ಲ. ನಕ್ಷೆ ನಲವತ್ತು ವರ್ಷದ್ದು, ಬಾವಿ ಇಪ್ಪತ್ತು ವರ್ಷದ್ದು. ತಂದೆಯ ಕಾಲದಿಂದ ದಫ್ತರದಲ್ಲಿ ಭದ್ರವಾಗಿ ಮಲಗಿದ್ದ ಆ ಕಾಗದಕ್ಕೆ ಬಾವಿ ತೋಡಿದ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ.

ಬಂಡಳ್ಳಿಯಿಂದ ಹನೂರಿಗೆ ಹೊಸ ರಸ್ತೆಯೆಂದು ಕೊಳ್ಳೇಗಾಲದಿಂದ ಬಂದ ಓವರ್ಸಿಯರ್ ಎರಡು ದಿನದಿಂದ ಅಳತೆಯ ಸರಪಳಿ ಹಿಡಿಸಿ ಗೂಟ ಹೊಡೆಸುತ್ತಿದ್ದರು. ನೆಟ್ಟಗೆ ಬಂದ ಗೂಟಗಳ ಸಾಲು ದಿಬ್ಬದ ಬಳಿ ಸೊಟ್ಟಗೆ ತಿರುಗಿ, ಚನ್ನಮಲ್ಲಮ್ಮನ ಹಿಪ್ಪುನೇರಳೆ ತೋಟ ಹೊಕ್ಕು, ಬಾವಿಯ ಮೇಲೇ ಹಾಯುತ್ತಿತ್ತು. ನಕ್ಷೆಯ ಪ್ರಕಾರ ದಿಬ್ಬದ ಮೇಲೆ ಗುಡಿಯಿತ್ತು, ಗುಡಿಯನ್ನು ಒಡೆಯುವಂತಿಲ್ಲ. “ಅದು ಮಡಿ ಜಾಗ ಸಾ, ಮೆಟ್ಟು ಹಾಕ್ಕಂಡು ಓಗಂಗಿಲ್ಲ,” ಎಂದು ದಿಬ್ಬದ ಒಡೆಯ ವೃಷಭೇಂದ್ರಪ್ಪ ಸರಪಳಿಯವರನ್ನು ಕಳ್ಳಿಬೇಲಿಯ ಈಚೆಗೇ ತಡೆದಿದ್ದ. ಇವತ್ತು ನ್ಯಾಯ ಕೇಳಲು ಊರೇ ನೆರೆದಿತ್ತು.

“ನಕ್ಷೆ ಅಂದ್ರೆ ಸರ್ಕಾರದ ಕಣ್ಣು ಕಣ್ರಿ. ಅದು ಸುಳ್ಳು ಯೋಳ್ತದಾ?” ಎಂದ ವೃಷಭೇಂದ್ರಪ್ಪ.

ಚನ್ನಮಲ್ಲಮ್ಮ ಕೊಡ ಇಳಿಬಿಟ್ಟು ನೀರು ಸೇದಿ, ಚೊಂಬಿಗೆ ಬಗ್ಗಿಸಿ ಓವರ್ಸಿಯರ್ ಮುಂದೆ ಹಿಡಿದಳು.

“ಬಿಸ್ಲಲ್ಲಿ ದಣ್ದಿದ್ದೀರಿ ಸಾ. ಇಲ್ದಿರೋ ಬಾವಿ ನೀರು. ಕುಡೀರಿ.”

ಓವರ್ಸಿಯರ್ ಗಟಗಟನೆ ಕುಡಿದರು. ಕುಡಿದ ಮೇಲೆ ಬಾವಿ ಇಲ್ಲವೆನ್ನಲು ಅವರಿಗೂ ಬಾಯಿ ಬರಲಿಲ್ಲ.

“ಬಾವಿ ಇದೆ ಅಂತಲೇ ಇಟ್ಟುಕೊಳ್ಳೋಣ. ಗುಡಿಯಂತೂ ಇದೆಯಲ್ಲ, ಶಾನುಭೋಗರೇ?”

ಗುಡಿ ಕುಸಿದು, ದೇವರನ್ನು ಊರೊಳಕ್ಕೆ ತಂದು ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿದ್ದದ್ದು ವೃಷಭೇಂದ್ರಪ್ಪನ ಕೊಟ್ಟಿಗೆ. ಗೋವಿಂದಯ್ಯನ ಮನೆಗೆ ದಿನಾ ಗಟ್ಟಿ ಹಾಲು ಬರುತ್ತಿದ್ದುದೂ ಅಲ್ಲಿಂದಲೇ. ಅವನು ವೃಷಭೇಂದ್ರಪ್ಪನ ಕಡೆ ನೋಡಿದ. ವೃಷಭೇಂದ್ರಪ್ಪ ಮೋಡ ನೋಡುತ್ತಿದ್ದ, ಮೋಡವೇ ಇರದ ಆಕಾಶದಲ್ಲಿ.

“ಯೋಳಿ ಸಾಮಿ,” ಎಂದಳು ಚನ್ನಮಲ್ಲಮ್ಮ ಮೆಲ್ಲಗೆ. “ನೀವು ಯೋಳಿದ್ದೇ ಸರಿ.”

ಕೂಗಾಡಿದ್ದರೆ ಹೇಗೋ ತಪ್ಪಿಸಿಕೊಳ್ಳಬಹುದಿತ್ತು. ಅವಳು ಹಾಗೆಂದ ಮೇಲೆ ಗೋವಿಂದಯ್ಯನಿಗೆ ದಾರಿಯೇ ಉಳಿಯಲಿಲ್ಲ.

“ಗುಡಿ ಇತ್ತು ಸಾರ್,” ಎಂದ. “ಈಗ ಎಮ್ಮೆಗಳಿವೆ.”

ನೆರೆದವರ ನಗು ಬಾವಿಯೊಳಗಿಳಿದು ಮೇಲೆ ಬಂದಂತೆ ಮೊಳಗಿತು. ವೃಷಭೇಂದ್ರಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. “ಶಾನುಬೋಗ್ರೇ, ನಾಳಿಂದ ಹಾಲಿಗೆ ಬ್ಯಾರೆ ಕಡೆ ನೋಡ್ಕಳಿ,” ಎಂದು ಹೊರಟೇಹೋದ.

ಓವರ್ಸಿಯರ್ ದಿಬ್ಬದ ತನಕ ಹೋಗಿ, ಮೂಗು ಮುಚ್ಚಿಕೊಂಡು ಮರಳಿ, ಪೆನ್ಸಿಲು ಚಾಚಿದರು. “ಬಾವಿಯ ಗುರುತು ನೀವೇ ಹಾಕಿ. ಕೊಯಮತ್ತೂರಿನ ಜಿಲ್ಲಾ ಕಚೇರಿಗೆ ಕಳಿಸಬೇಕು.”

ಅಪ್ಪ ಬಟ್ಟೆಯಿಂದ ಮೆಲ್ಲಗೆ ಧೂಳು ಒರೆಸುತ್ತಿದ್ದ ಕಾಗದ. ಗೋವಿಂದಯ್ಯ ಉಸಿರು ಬಿಗಿಹಿಡಿದು ಒಂದು ಸೊನ್ನೆ ಸುತ್ತಿದ. ಅದು ಬದನೆಕಾಯಿಯಂತೆ ಬಂತು.

ಚನ್ನಮಲ್ಲಮ್ಮ ಇಣುಕಿದಳು. “ಇಷ್ಟೇಯಾ? ಐದಾಳು ಆಳ ಐತಲ್ಲ.”

“ನಕ್ಷೆಯಲ್ಲಿ ಆಳ ಕಾಣೋದಿಲ್ಲಮ್ಮ,” ಎಂದ ಗೋವಿಂದಯ್ಯ.

ಆಳುಗಳು ತೋಟದೊಳಗಿನ ಗೂಟಗಳನ್ನು ಕೀಳತೊಡಗಿದರು. ಅವಳು ಅವರ ಹಿಂದೆಯೇ ಸಾಲು ಹಿಡಿದು ನಡೆಯುತ್ತ, ಒಂದೊಂದು ಕುಳಿಗೂ ಕಾಲಿನಿಂದ ಮಣ್ಣು ನೂಕಿ, ಹಿಮ್ಮಡಿಯಲ್ಲಿ ಒತ್ತುತ್ತ ಹೋದಳು.