ಇಪ್ಪತ್ತೆರಡನೇ ಪುಟದ ಕೊಬ್ಬರಿ

ರವೀಂದ್ರನ ಕೊಬ್ಬರಿ ವ್ಯಾಪಾರದ ಪ್ಲಾನು ಅರವತ್ತು ಪುಟದ್ದು. ಐದನೇ ವರ್ಷ ಡಬ್ಬಿಯ ಮುಚ್ಚಳಕ್ಕೆ ಯಾವ ಬಣ್ಣ ಎಂಬುದೂ ಅದರಲ್ಲಿತ್ತು. ಮನೆಗೆ ಬಂದವರಿಗೆಲ್ಲ ಅದನ್ನು ಓದಿ ಹೇಳುವ ಮೈದುನನನ್ನು ಕಂಡರೆ ಹೊಂಬಾಳಮ್ಮನಿಗೆ ವಾಕರಿಕೆ ಬರುತ್ತಿತ್ತು.

ಅಟ್ಟದಲ್ಲಿ ಒಣಗಲು ಹಾಕಿದ ಕಾಯಿಯನ್ನು ಹತ್ತನೇ ತಿಂಗಳು ಇಳಿಸಬೇಕೆಂದು ಇಪ್ಪತ್ತೆರಡನೇ ಪುಟ ಹೇಳುತ್ತಿತ್ತು. ಈ ಸಲ ಮಳೆ ಹಿಡಿದದ್ದು ಬಿಡದೆ, ಕಾಯಿ ಹಾಕಿ ಹತ್ತನೇ ತಿಂಗಳಾದರೂ ಅಟ್ಟದ ತೇವವೇ ಆರಿರಲಿಲ್ಲ. ಹೊಂಬಾಳಮ್ಮ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಗಡಗಡ ಉರುಳಬೇಕು. ಇದರಲ್ಲಿ ನೀರು ಕುಲುಕಿತು.

"ಇನ್ನೂ ಒಣಗಿಲ್ಲ ಕಣಪ್ಪ. ಒಂದು ತಿಂಗ್ಳು ಬುಡು."

"ಪ್ಲಾನ್ ಅಂದ್ಮೇಲೆ ಪ್ಲಾನ್ ಅತ್ತಿಗೆ. ಮಧ್ಯ ಬದಲಾಯ್ಸಂಗಿಲ್ಲ," ಎಂದ ರವೀಂದ್ರ ಕಾಯಿ ಸುಲಿಯುವವರನ್ನು ಕರೆಸಿಯೇಬಿಟ್ಟ.

ಒಡೆದ ಕಾಯಿಗಳಲ್ಲಿ ಕೊಬ್ಬರಿ ಚಿಪ್ಪಿಗೇ ಕಚ್ಚಿಕೊಂಡು ಚೂರುಚೂರಾಗಿ ಬಂತು. ಸಂಜೆಗೆ ಅಂಗಳದ ತುಂಬ ಲೋಳೆ, ಹುಳಿನಾತ, ನೊಣ. ಸುಲಿಯುವವರು ಮೂಗು ಮುಚ್ಚಿಕೊಂಡು ಹೊರಟುಹೋದರು. ರವೀಂದ್ರ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ.

"ಅರವತ್ತು ಪುಟ ಬರ್ದೆ. ಕಾಯಿ ಅಲ್ಲಾಡ್ಸಿ ನೋಡು ಅಂತ ಒಂದು ಸಾಲು ಬರೀಲಿಲ್ವಲ್ಲ," ಎಂದಳು ಹೊಂಬಾಳಮ್ಮ. "ಕಾಯಿಗೆ ಓದಕ್ಕೆ ಬರಲ್ಲ ಕಣಪ್ಪ."

"ನೀವ್ ಹೇಳಿದ್ದೇ ಸರಿ ಅತ್ತಿಗೆ. ಪ್ಲಾನಲ್ಲೇ ತಪ್ಪಿದೆ."

ಸದ್ಯ ಬುದ್ಧಿ ಬಂತಲ್ಲ ಎಂದುಕೊಂಡು ಹೊಂಬಾಳಮ್ಮ ಬಗ್ಗಿ ನೋಡಿದಳು. ಅವನು 'ಹತ್ತನೇ ತಿಂಗಳು' ಎಂಬುದನ್ನು ಅಳಿಸಿ, 'ಹನ್ನೊಂದನೇ ತಿಂಗಳು' ಎಂದು ಟೈಪ್ ಮಾಡುತ್ತಿದ್ದ.

ಅವಳು ಥೂ ಎಂದು ಅಂಗಳಕ್ಕೆ ಉಗಿದು ಪೊರಕೆ ಎತ್ತಿಕೊಂಡಳು.