ಬೆಳಗಿನ ನೀಲಿ ಹೊಗೆ

ಕೀಲಿ ತಿರುಗಿಸುತ್ತಿದ್ದಂತೆ ಲಾರಿ ಎರಡು ಸಲ ಕೆಮ್ಮಿ ಎದ್ದಿತು. ಅಳಿಯ ಕನ್ನಡಿಯಲ್ಲಿ ನೋಡಿದ. ನೀಲಿ ಹೊಗೆ ಬೀದಿಯಗಲ ಹಬ್ಬಿ ಎದುರುಮನೆಯ ಮಹಡಿಗೆ ಏರುತ್ತಿತ್ತು. ಮಹಡಿಯ ಕಿಟಕಿ ಧಡಾರನೆ ಮುಚ್ಚಿಕೊಂಡಿತು. ಆ ಮನೆಯ ಟೀಚರಮ್ಮ ಮೊದಮೊದಲು ಬೈಯುತ್ತಿದ್ದರು. ಬೈದು ಬೈದು ಸಾಕಾಗಿ ಈಗ ಬರೀ ಕಿಟಕಿ ಮುಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಹೊಗೆ ತಾನಾಗಿಯೇ ತೆಳ್ಳಗಾಯಿತು. ಇಂಜಿನ್ನು ಏನೂ ಅರಿಯದ ಮಳ್ಳನಂತೆ ಹದವಾಗಿ ಓಡತೊಡಗಿತು.

ಟೀಚರಮ್ಮನ ಸಿಟ್ಟನ್ನು ಅವನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಅವನಿಗೆ ಚಿಂತೆಯೆಲ್ಲ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಕೂತಿದ್ದ ಮಾವನದು. ಮಾವ ಹೊಗೆಯನ್ನು ನೋಡಿದರು, ಲೋಟದೊಳಗೆ ನೋಡಿದರು, ಎದ್ದು ಒಳಗೆ ಹೋದರು. ಬಾಯಿ ಬಿಟ್ಟು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈ ಲಾರಿಯನ್ನು ಮಾವ ಅರ್ಧ ಆಯುಷ್ಯ ಓಡಿಸಿದ್ದರು. ಮಂಡಿ ಕೈಕೊಟ್ಟ ಮೇಲೆ, ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಚುತ್ತಿದ್ದ ಅಳಿಯನನ್ನು ಕರೆದು ಕೀಲಿ ಕೊಟ್ಟರು. ಪೀಠೋಪಕರಣದ ಕಾರ್ಖಾನೆಯಿಂದ ಮಂಚ, ಬೀರು ಹೇರಿಕೊಂಡು ಮನೆಮನೆಗೆ ಮುಟ್ಟಿಸುವ ಕೆಲಸ. ಅವನಿಗೆ ಅದು ಬಹಳ ಹಿಡಿಸಿತ್ತು. ಆದರೆ ಮಾವನ ಕಾಲದಲ್ಲಿ ಹೀಗೆಂದೂ ಹೊಗೆ ಕಾರದಿದ್ದ ಗಾಡಿ ಅವನ ಕೈಗೆ ಬಂದ ಕೆಲವೇ ತಿಂಗಳಲ್ಲಿ ಶುರುಹಚ್ಚಿಕೊಂಡಿತ್ತು. ಮೊನ್ನೆ ಊಟಕ್ಕೆ ಕೂತಾಗ ಮಾವ ಯಾರ ಮುಖವನ್ನೂ ನೋಡದೆ, "ಗುಜರಿಯವನು ಗಾಡಿ ಕೇಳ್ತಿದ್ದ," ಅಂದಿದ್ದರು. ಗಾಡಿ ಹೋದರೆ ಅಂಗಡಿಗೆ ಮರಳಬಹುದು. ನಂಬಿ ಕೊಟ್ಟದ್ದನ್ನು ಅಳಿಯ ಹಾಳುಮಾಡಿದ ಎಂದು ಮಾವನ ಮನಸ್ಸಿನಲ್ಲಿ ಕೂತುಬಿಟ್ಟರೆ ಮರಳುವುದು ಎಲ್ಲಿಗೆ?

ಮಾವ ಎದ್ದು ಒಳಗೆ ಹೋದ ಆ ಬೆಳಿಗ್ಗೆಯೇ ಗಾಡಿಯನ್ನು ಸೋಡಾಬುಡ್ಡಿ ಮೇಸ್ತ್ರಿಯ ಶೆಡ್ಡಿಗೆ ಒಯ್ದ. ದಪ್ಪ ಕನ್ನಡಕಕ್ಕೆ ಬಂದ ಹೆಸರು ಅದು. ಮೇಸ್ತ್ರಿಗೆ ಅದರ ಬಗ್ಗೆ ತಕರಾರೇನೂ ಇರಲಿಲ್ಲ.

"ಎಲ್ರೀ ಹೊಗೆ?" ಮೇಸ್ತ್ರಿ ಕೊಳವೆಯ ಹತ್ತಿರ ಬಗ್ಗಿ ಕೇಳಿದ.

"ಬೆಳಿಗ್ಗೆ ಬರುತ್ತೆ ಮಾರಾಯ್ರೇ, ನೀಲಿ ಬಣ್ಣ."

"ನೀಲಿ ಅಂದ್ರೆ ಆಯಿಲ್ ಉರೀತಿದೆ. ಆದ್ರೆ ಬಿಸಿ ಇಂಜಿನ್ ತಂದು ತೋರಿಸಿದ್ರೆ ನಾನೇನು ಕಣಿ ಹೇಳ್ಲಾ? ನಾಳೆ ನಾನೇ ಮನೆಗೆ ಬರ್ತೀನಿ. ರಾತ್ರಿ ನಿಲ್ಸಿದ್ಮೇಲೆ ನಾನು ಬರೋತನಕ ಕೀಲಿ ಮುಟ್ಬೇಡಿ."

ಮರುದಿನ ಮೇಸ್ತ್ರಿ ಬಂದಾಗ ಮನೆಮಂದಿಯೆಲ್ಲ ಹೊರಗೆ ಬಂದಿದ್ದರು. ಅಳಿಯನ ಹೆಂಡತಿ ತಲೆಗೆ ಟವೆಲು ಸುತ್ತಿಕೊಂಡೇ ಬಾಗಿಲಿಗೆ ಒರಗಿ ನಿಂತಿದ್ದಳು. ಮೇಸ್ತ್ರಿ ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ ಎಳೆದ. ಆಯಿಲ್ ಕೆಳಗಿನ ಗುರುತಿನ ಹತ್ತಿರವಿತ್ತು.

"ಕಮ್ಮಿ ಇದೆ ಅಲ್ವಾ?" ಅಳಿಯ ಅವಸರದಿಂದ ಅಂದ.

ಮೇಸ್ತ್ರಿ ಕಡ್ಡಿ ಬಿಟ್ಟು ಬೀದಿಯನ್ನು ನೋಡುತ್ತಿದ್ದ. "ಗಾಡೀನ ಇಳಿಜಾರಿಗೆ ಮೂಗು ಮಾಡಿ ಯಾಕೆ ನಿಲ್ಸಿದೀರಿ?"

"ದಿನಾ ಹಾಗೇ ನಿಲ್ಸೋದು," ಮಾವ ಉತ್ತರಿಸಿದರು. "ಬ್ಯಾಟರಿ ಕೈಕೊಟ್ರೆ ಹಾಗೇ ಉರುಳಿಸಿ ಸ್ಟಾರ್ಟ್ ಮಾಡ್ಬಹುದಲ್ಲ."

"ಬ್ಯಾಟರಿ ಹೊಸದು ಕಣಪ್ಪಾ," ಮಗಳು ನೆನಪಿಸಿದಳು.

"ಅಭ್ಯಾಸ," ಅಂದರು ಮಾವ ಗಂಭೀರವಾಗಿ.

ಮೇಸ್ತ್ರಿ ಇಂಜಿನ್ ಎಬ್ಬಿಸಲು ಬಿಡಲಿಲ್ಲ. ಚಕ್ರದಡಿಯ ಕಲ್ಲು ತೆಗೆಸಿದ. ಅಳಿಯ ಬ್ರೇಕಿನ ಮೇಲೆ ಎರಡೂ ಕಾಲು ಒತ್ತಿ ಹಿಡಿದು, ಬೀದಿಯ ಕೊನೆಯ ಸಮತಟ್ಟು ಜಾಗಕ್ಕೆ ಲಾರಿಯನ್ನು ಅಂಗುಲ ಅಂಗುಲವಾಗಿ ಉರುಳಿಸಿದ. ಮಾವ ಕುಂಟುತ್ತಲೇ ಪಕ್ಕದಲ್ಲಿ ನಡೆಯುತ್ತಾ ಕೈಯಾಡಿಸಿ ದಾರಿ ತೋರಿಸಿದರು. ಆಯಿಲ್ ಸಮವಾಗಲಿ ಎಂದು ಎಲ್ಲರೂ ಸ್ವಲ್ಪ ಕಾದರು. ಮೇಸ್ತ್ರಿ ಕಡ್ಡಿ ಒರೆಸಿ, ಅದ್ದಿ, ಮತ್ತೆ ಎಳೆದ. ಆಯಿಲ್ ಮೇಲಿನ ಗುರುತನ್ನು ಮುಳುಗಿಸಿ ಎಷ್ಟೋ ಮೇಲಕ್ಕೆ ಹತ್ತಿತ್ತು.

"ಅಯ್ಯೋ ದೇವರೇ! ಮೂಗು ಕೆಳಗಾದ್ರೆ ಆಯಿಲೆಲ್ಲ ಮುಂದಕ್ಕೆ ಹೋಗುತ್ತೆ. ಕಡ್ಡಿ ಇರೋದು ಹಿಂದೆ, ಅದಕ್ಕೇನು ಗೊತ್ತಾಗುತ್ತೆ? ಯಾರ್ರೀ ಇಷ್ಟು ಸುರಿದದ್ದು?"

ಅಳಿಯನ ಕಿವಿ ಬಿಸಿಯಾಯಿತು. "ನಾನೇ," ಅಂದ. "ಗಾಡಿ ನಿಲ್ಲಿಸಿ ಸ್ನಾನ ಮಾಡಿ ಬಂದು ದಿನಾ ನೋಡ್ತಿದ್ದೆ, ಕಮ್ಮಿ ಕಾಣ್ತಿತ್ತು. ಮಾವನ ಕಣ್ಣಿಗೆ ಬಿದ್ರೆ ಇವನು ಗಾಡಿ ನೋಡ್ಕೊಳ್ಳಲ್ಲ ಅಂತಾರೆ ಅಂತ ಆಗಾಗ ಸ್ವಲ್ಪ ಸ್ವಲ್ಪ ಹಾಕ್ತಿದ್ದೆ. ಆದ್ರೂ ಇಷ್ಟೊಂದು ಹಾಕಿಲ್ಲ."

ಮಾವ ಮಂಡಿ ಉಜ್ಜಿಕೊಂಡರು, ಅದಕ್ಕೇ ನೋವಾದ ಹಾಗೆ. "ಮಿಕ್ಕಿದ್ದು ನಂದು," ಅಂದರು ಕೊನೆಗೆ. "ಓಡಿಸೋವಾಗ ಕಾರ್ಖಾನೆಯ ಸಮತಟ್ಟು ಅಂಗಳದಲ್ಲಿ ನೋಡ್ತಿದ್ದೆ. ಈಗ ಮನೆಮುಂದೆನೇ ನೋಡ್ಬೇಕಲ್ಲ. ಕಮ್ಮಿ ಇರ್ತಿತ್ತು. ಅಳಿಯಂದ್ರು ಹೊಸಬ್ರು, ಹೇಳಿದ್ರೆ ಬೇಜಾರು ಮಾಡ್ಕೋತಾರೆ ಅಂತ ಅವರು ಏಳೋ ಮುಂಚೆ ಸುಮ್ನೆ ಹಾಕಿಬಿಡ್ತಿದ್ದೆ."

"ನಿಮ್ಮಿಬ್ಬರ ಮರ್ಯಾದೆಗಿಷ್ಟು!" ಹಿಂದೆಯೇ ಬಂದಿದ್ದ ಹೆಂಡತಿ ಟವೆಲು ಬಿಚ್ಚಿ ಇಬ್ಬರ ಕಡೆಗೂ ಬೀಸಿದಳು. "ಒಂದೇ ಮಗುಗೆ ಅಪ್ಪ ಒಂದ್ಸಲ, ಗಂಡ ಒಂದ್ಸಲ ಊಟ ಮಾಡಿಸಿದ್ರೆ ಅದು ಕಕ್ಕದೆ ಇನ್ನೇನು ಮಾಡುತ್ತೆ?"

ಮೊದಲು ನಕ್ಕಿದ್ದು ಮೇಸ್ತ್ರಿ. ಆಮೇಲೆ ಮಾವ ನಕ್ಕರು, ಹೊಟ್ಟೆ ಹಿಡಿದುಕೊಂಡು. ಅವರು ಹಾಗೆ ನಗುವುದನ್ನು ಅಳಿಯ ಅದೇ ಮೊದಲು ನೋಡಿದ್ದು. ತಿಂಗಳುಗಟ್ಟಲೆ ಎದೆಯ ಮೇಲಿದ್ದ ಭಾರ ಇಳಿದು ಅವನಿಗೂ ನಗು ತಡೆಯದಾಯಿತು.

ಹೆಚ್ಚಿನ ಆಯಿಲನ್ನು ಡಬ್ಬಿಗೆ ಬಸಿದು ಗಾಡಿಯನ್ನು ಶೆಡ್ಡಿಗೆ ಒಯ್ದರು. ಅಷ್ಟಕ್ಕೇ ಮುಗಿಯಲಿಲ್ಲ; ವಾಲ್ವುಗಳ ರಬ್ಬರ್ ಸೀಲುಗಳಿಗೂ ವಯಸ್ಸಾಗಿತ್ತು. ರಾತ್ರಿಯಿಡೀ ಅವುಗಳ ಸಂದಿಯಿಂದ ಆಯಿಲ್ ಒಳಗೆ ಜಿನುಗಿ ಬೆಳಿಗ್ಗೆ ಹೊಗೆಯಾಗಿ ಹೊರಡುತ್ತಿತ್ತು. ಮೇಸ್ತ್ರಿ ಒಂದನ್ನು ಕಿತ್ತು ಬೆರಳಲ್ಲಿ ಹಿಸುಕಿದ. ಅದು ಬಾಗುವ ಬದಲು ಪಟ್ಟನೆ ಮುರಿಯಿತು. ಮಾವ ಸ್ಟೂಲು ಎಳೆದುಕೊಂಡು ಕೂತು, ಬಿಚ್ಚಿದ ಸ್ಪ್ರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಂದೊಂದಾಗಿ ಅಳಿಯನ ಕೈಗೆ ಕೊಟ್ಟರು. ಅಳಿಯ ಅವನ್ನು ಒರೆಸಿ, ಬಿಚ್ಚಿದ ಕ್ರಮದಲ್ಲೇ ಹಲಗೆಯ ಮೇಲೆ ಜೋಡಿಸಿದ. ಸಂಜೆಯ ಹೊತ್ತಿಗೆ ಇಬ್ಬರ ಕೈಯೂ ಒಂದೇ ಬಣ್ಣಕ್ಕೆ ತಿರುಗಿತ್ತು.

ಗಾಡಿ ಅಲ್ಲೇ ತಣ್ಣಗಾಗಲಿ ಎಂದು ಬಿಟ್ಟುಹೋಗಿ ಬೆಳಿಗ್ಗೆ ಬಂದರು. ಕೀಲಿ ತಿರುಗಿಸುವ ಮುಂಚೆ ಅಳಿಯ ಉಸಿರು ಬಿಗಿಹಿಡಿದ. ಇಂಜಿನ್ ಎದ್ದಿತು. ಕೊಳವೆಯಿಂದ ಚೂರು ಬಿಳಿ ಆವಿ ಬಂದು ಅಲ್ಲೇ ಕರಗಿತು. ಮಾವ ಹಿಂದೆ ಬಗ್ಗಿ, ಕೊಳವೆಯ ಎದುರು ಅಂಗೈ ಹಿಡಿದು, ಮೂಸಿ ನೋಡಿ, "ಆಯ್ತು, ಬಿಡಿ," ಅಂದರು. ಆಮೇಲೆ ಗಾಡಿ ಹತ್ತಿ ಎಡಗಡೆಯ ಸೀಟಿನಲ್ಲಿ ಕೂತರು.

ಜೀವಮಾನವಿಡೀ ಗಾಡಿ ಓಡಿಸಿದವರು ಇನ್ನೊಬ್ಬರು ಓಡಿಸುವಾಗ ನೆಮ್ಮದಿಯಾಗಿ ಕೂರುವುದು ಕಷ್ಟ. ಪಕ್ಕದಲ್ಲಿ ಮಾವನಿದ್ದಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು. ಅಳಿಯನಿಗೆ ಅದು ಅಭ್ಯಾಸವಾಗಿತ್ತು. ಕಾರ್ಖಾನೆಯ ತಿರುವಿನಲ್ಲಿ, ಈಗ ಆ ಕಾಲು ಒತ್ತುತ್ತದೆ ಎಂದು ಅವನು ಕಾದ. ಒತ್ತಲಿಲ್ಲ. ವಾರೆಗಣ್ಣಲ್ಲಿ ನೋಡಿದ. ಮಾವನ ತಲೆ ಕಿಟಕಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು, ಕಾಲು ಎರಡೂ ಸಡಿಲವಾಗಿ ಚಾಚಿಕೊಂಡಿದ್ದವು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಮುಂದೆ ರಸ್ತೆಯ ಉಬ್ಬು ಬಂತು. ಅಳಿಯ ಬಹಳ ದೂರದಿಂದಲೇ ಗೇರ್ ಇಳಿಸಿ, ಒಂದೊಂದೇ ಚಕ್ರವನ್ನು ಮೆಲ್ಲಗೆ ದಾಟಿಸಿದ.